ವ್ಯಾಸೆಕ್ಟಮಿಯ ಏಳು ವರ್ಷದ ನಂತರ ವೃಷಣದೊಳಗೆ ಏನಾಗಿತ್ತು: ಬನಹಟ್ಟಿಯ ಒಬ್ಬ ನೇಕಾರರ ಪ್ರಕರಣ

ರೋಗಿ 38 ವರ್ಷದ ಗಂಡಸು, ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯವರು. ಮನೆಯಲ್ಲೇ ನಾಲ್ಕು ಪವರ್‌ಲೂಮ್ ಹಾಕಿಕೊಂಡು ಸೀರೆ ನೇಯುತ್ತಾರೆ. ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ ಜೊತೆಗಿದ್ದಾರೆ. ಏಳು ವರ್ಷದ ಹಿಂದೆ ಒಂದು ಸರ್ಕಾರಿ ಶಿಬಿರದಲ್ಲಿ ವ್ಯಾಸೆಕ್ಟಮಿ, ಅಂದರೆ ಗಂಡಸರ ಸಂತಾನಹರಣ ಆಪರೇಶನ್, ಮಾಡಿಸಿಕೊಂಡಿದ್ದರು. ನನ್ನ ಬಳಿ ಬಂದಾಗ ಐದು ತಿಂಗಳಿಂದ ಎಡ ವೃಷಣದಲ್ಲಿ ನೋವಿತ್ತು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ, ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಬರೆಯಲು ಕಾರಣವಿದೆ. ಗಂಡಸರ ಆಪರೇಶನ್ ಬಗ್ಗೆ ನಮ್ಮ ಕಡೆ ಎರಡೇ ಮಾತು ಓಡಾಡುತ್ತವೆ. "ಗಂಡಸ್ತನ ಹೊಕ್ಕೈತಿ" ಅನ್ನುವುದು ಊರಿನ ಮಾತು. "ಏನೂ ಆಗೂದಿಲ್ಲ, ನಿಶ್ಚಿಂತಿ ಇರ್ರಿ" ಅನ್ನುವುದು ಆಸ್ಪತ್ರೆಯ ಮಾತು. ಊರಿನ ಮಾತು ಸುಳ್ಳು. ಆಸ್ಪತ್ರೆಯ ಮಾತು ಅರ್ಧ ನಿಜ. ಈ ಅರ್ಧ ನಿಜವನ್ನು ನಂಬಿದ್ದರಿಂದಲೇ ಇವರು ನೋವು ಶುರುವಾದಾಗ ಅದನ್ನು ಆಪರೇಶನ್ನಿಗೆ ಸಂಬಂಧಿಸಿದ್ದು ಎಂದು ಹೇಳಲು ಹಿಂಜರಿದರು, ಹೇಳಿದಾಗ ಕೇಳಿಸಿಕೊಂಡವರೂ ಇರಲಿಲ್ಲ.

ಯಾಕೆ ಮಾಡಿಸಿಕೊಂಡಿದ್ದರು

ಹೆಂಡತಿಗೆ ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು ಹೃದಯದ ಮೈಟ್ರಲ್ ಕವಾಟ ಕಿರಿದಾಗಿತ್ತು. ಅದು ಗೊತ್ತಾಗಿದ್ದು ಎರಡನೇ ಬಸಿರಿನಲ್ಲಿ. ಎಂಟನೇ ತಿಂಗಳಿಗೆ ಮಲಗಲಾಗದಷ್ಟು ಏದುಸಿರು, ಹೆರಿಗೆಯ ಹೊತ್ತಿಗೆ ಪುಪ್ಪುಸದಲ್ಲಿ ನೀರು, ಆಮೇಲೆ ಐಸಿಯು. ತಾಯಿ ಮಗು ಇಬ್ಬರೂ ಉಳಿದರು. ಮನೆಗೆ ಕಳಿಸುವಾಗ ಹೃದಯ ತಜ್ಞರು ಎರಡು ಮಾತು ಹೇಳಿದ್ದರು. ಇನ್ನೊಂದು ಬಸಿರು ಬೇಡವೇ ಬೇಡ. ಹೆಂಗಸರಿಗೆ ಮಾಡುವ ಸಂತಾನಹರಣದ ಹೊಟ್ಟೆ ಆಪರೇಶನ್ನಿಗೂ ಈ ಹೃದಯಕ್ಕೆ ಅರಿವಳಿಕೆ ಕೊಡುವುದು ಅಪಾಯ, ಸಾಧ್ಯವಾದಷ್ಟು ತಪ್ಪಿಸಿ.

ಆಗ ಗಂಡ ಮುಂದೆ ಬಂದರು. ಇದು ಸಣ್ಣ ಸಂಗತಿಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 37.9ರಷ್ಟು ದಂಪತಿಗಳಲ್ಲಿ ಹೆಂಡತಿ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡಿದ್ದರೆ, ಗಂಡ ಮಾಡಿಸಿಕೊಂಡಿದ್ದು ಶೇ. 0.3ರಷ್ಟು ಮಾತ್ರ. ಇವರ ಮನೆತನದಲ್ಲಿ ಅತ್ತಿಗೆ, ನಾದಿನಿ, ಅಕ್ಕ ಎಲ್ಲರಿಗೂ ಹೊಟ್ಟೆ ಆಪರೇಶನ್ ಆಗಿದೆ, ಗಂಡಸರು ಒಬ್ಬರೂ ಮಾಡಿಸಿಕೊಂಡಿಲ್ಲ. ಒಬ್ಬರೇ ಒಬ್ಬರಿದ್ದರು, ಕಾಕಾ. ತುರ್ತುಪರಿಸ್ಥಿತಿಯಲ್ಲಿ ಅವರನ್ನು ಲಾರಿ ಹತ್ತಿಸಿಕೊಂಡು ಹೋಗಿ ಮಾಡಿ ಕಳಿಸಿದ್ದರಂತೆ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಚಿಕಿತ್ಸೆಗಳಾದವು, ಅದರಲ್ಲಿ ಸುಮಾರು 62 ಲಕ್ಷ ಗಂಡಸರದು. ಕಾಕಾ ಆಮೇಲೆ ಸಾಯುವವರೆಗೂ ತನ್ನ ಸೊಂಟನೋವು, ಕೆಮ್ಮು, ಬೆಳೆ ಕೈಕೊಟ್ಟಿದ್ದು, ಎಲ್ಲಕ್ಕೂ ಆ ದಿನವನ್ನೇ ದೂರುತ್ತಿದ್ದರು. ಒತ್ತಾಯದಿಂದ ಮಾಡಿದ್ದರ ನೋವು ಅದು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಹಕ್ಕು ನಮಗಿಲ್ಲ.

ಈ ಹಿನ್ನೆಲೆ ಇದ್ದೂ ಇವರು ಹೋದರು. ತಾಯಿಗೆ ಮಾತ್ರ ಹರ್ನಿಯಾ ಆಪರೇಶನ್ ಎಂದು ಹೇಳಿದ್ದರು. ಆ ಸುಳ್ಳು ಇವತ್ತಿಗೂ ಹಾಗೇ ಇದೆ.

ಮಾಡಿದ್ದು ಕತ್ತಿ ಇಲ್ಲದ ವಿಧಾನ. 1974ರಲ್ಲಿ ಚೀನಾದ ಸಿಚುವಾನ್ ಪ್ರಾಂತದಲ್ಲಿ ಡಾ. ಲೀ ಶುನ್‌ಚಿಯಾಂಗ್ ರೂಪಿಸಿದ್ದು. ಚರ್ಮಕ್ಕೆ ಮೊನಚು ಇಕ್ಕಳದಿಂದ ಒಂದು ಸಣ್ಣ ತೂತು ಮಾಡಿ, ಎರಡೂ ಕಡೆಯ ವೀರ್ಯನಾಳವನ್ನು ಅಲ್ಲಿಂದಲೇ ಹೊರಗೆಳೆದು, ಕತ್ತರಿಸಿ, ತುದಿಗಳನ್ನು ಕಟ್ಟಿ ಒಳಗೆ ಬಿಡುತ್ತಾರೆ. ಹೊಲಿಗೆ ಬೇಕಾಗುವುದಿಲ್ಲ. ಇವರು ಮೂರನೇ ದಿನ ಮಗ್ಗದ ಮುಂದಿದ್ದರು. ಮೂರು ತಿಂಗಳಿಗೆ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲ ಎಂಬ ವರದಿ ಪಡೆದಿದ್ದರು. ನಮ್ಮಲ್ಲಿ ಬಹಳ ಜನ ಈ ಪರೀಕ್ಷೆಯನ್ನೇ ಬಿಟ್ಟುಬಿಡುತ್ತಾರೆ. ಇವರು ಹೆಂಡತಿಯ ಜೀವದ ಪ್ರಶ್ನೆ ಎಂದು ತಪ್ಪಿಸಲಿಲ್ಲ. ಆರೂವರೆ ವರ್ಷ ಏನೂ ತೊಂದರೆಯಿರಲಿಲ್ಲ.

ದೂರು

ನೋವು ಎಳೆದಂತೆ, ಭಾರ ಕಟ್ಟಿದಂತೆ. ಮಗ್ಗದ ಮುಂದೆ ಎರಡು ತಾಸು ನಿಂತರೆ ಶುರು. ಹೆಂಡತಿಯ ಜೊತೆ ಸೇರಿದ ರಾತ್ರಿ ಮೂರ್ನಾಲ್ಕು ತಾಸು ಹೆಚ್ಚು, ಬೆಳಿಗ್ಗೆ ಎದ್ದಾಗ ಸ್ವಲ್ಪ ಕಡಿಮೆ. ಹತ್ತಕ್ಕೆ ಎಷ್ಟು ಎಂದು ಕೇಳಿದರೆ ಆರು ಎಂದರು. ಜ್ವರ ಇಲ್ಲ, ಮೂತ್ರ ಉರಿ ಇಲ್ಲ, ಪೆಟ್ಟು ಬಿದ್ದಿಲ್ಲ. ಬೈಕ್ ಹತ್ತುವುದನ್ನು ಬಿಟ್ಟಿದ್ದರು. ಹೆಂಡತಿಯ ಹತ್ತಿರ ಹೋಗುವುದನ್ನೂ ಬಿಟ್ಟಿದ್ದರು.

ಅದಕ್ಕಿಂತ ದೊಡ್ಡ ಭಯ ಬಲಗಡೆಯದು. ಬಲ ವೃಷಣದ ಮೇಲ್ಭಾಗದಲ್ಲಿ ಒಂದು ಗಂಟು ಕೈಗೆ ಸಿಗುತ್ತಿತ್ತು. ನೋವಿಲ್ಲದ ಗಂಟು ಕ್ಯಾನ್ಸರ್ ಎಂದು ಎಲ್ಲೋ ಕೇಳಿದ್ದರು. ಸ್ಕ್ಯಾನ್ ಮಾಡಿಸಿದ್ದರು, ವರದಿಯಲ್ಲಿ ಎಡಗಡೆ ನಾಳಗಳು ಹಿಗ್ಗಿವೆ ಎಂದಿತ್ತು. ಅದನ್ನು ಹಿಡಿದುಕೊಂಡು ಗಡಿಯಾಚೆಯ ಊರೊಂದರ ಖಾಸಗಿ ಆಸ್ಪತ್ರೆಗೆ ಹೋದಾಗ, "ಎಡಗಡೆದು ಕೆಟ್ಟೈತಿ, ತೆಗಿಸಿಬಿಡ್ರಿ, ಹೆಂಗೂ ಮಕ್ಕಳು ಬ್ಯಾಡ ಅಲ್ಲ" ಎಂಬ ಸಲಹೆ ಸಿಕ್ಕಿತ್ತು. ಹೆಂಡತಿಯ ಬೋರಮಾಳ ಅಡವಿಡುವ ಮಾತೂ ಆಗಿತ್ತು.

ನನ್ನ ಎದುರು ಕುಳಿತು ಅವರು ಕೇಳಿದ್ದು ಒಂದೇ ಪ್ರಶ್ನೆ. "ಸಾಹೇಬ್ರ, ಬೀಜ ಬತ್ತಾಕತ್ತಾವೇನ್ರಿ? ಏನೂ ಆಗೂದಿಲ್ಲ ಅಂದಿದ್ರಲ್ರಿ ಆವಾಗ."

ಪರೀಕ್ಷೆ

ನಿಲ್ಲಿಸಿ ಒಮ್ಮೆ, ಮಲಗಿಸಿ ಒಮ್ಮೆ ನೋಡಿದೆ. ಎರಡೂ ವೃಷಣ ಒಂದೇ ಗಾತ್ರ, ಸುಮಾರು 20 ಮಿಲಿಲೀಟರ್, ವಯಸ್ಕ ಗಂಡಸಿಗೆ ಇರಬೇಕಾದಷ್ಟೇ. ಬಿಗಿಯೂ ಸರಿಯಾಗಿತ್ತು. ಬತ್ತಿದ ವೃಷಣ ಮೆತ್ತಗೆ, ಸಣ್ಣದಾಗಿ ಕೈಗೆ ಸಿಗುತ್ತದೆ, ಇದು ಹಾಗಿರಲಿಲ್ಲ.

ಬಲಗಡೆಯ ಗಂಟು ವೃಷಣದ ಮೇಲಿರಲಿಲ್ಲ. ಅದರಿಂದ ಬೇರೆಯಾಗಿ, ವೀರ್ಯನಾಳ ಕತ್ತರಿಸಿದ ತುದಿಯಲ್ಲಿ, ಕಡಲೆಕಾಳಿನ ಗಾತ್ರದಲ್ಲಿ ಇತ್ತು. ಬೆರಳುಗಳ ನಡುವೆ ಹಿಡಿದರೆ ನಾಳದ ಜೊತೆ ಸರಿಯುತ್ತಿತ್ತು, ಜೋರಾಗಿ ಒತ್ತಿದರೆ ಮಾತ್ರ ಸ್ವಲ್ಪ ನೋವು. ಆ ಕಡೆಯ ಎಪಿಡಿಡಿಮಿಸ್, ಅಂದರೆ ವೃಷಣದ ಬೆನ್ನಿಗೆ ಅಂಟಿಕೊಂಡು ವೀರ್ಯಾಣು ಮಾಗುವ ಉದ್ದ ನಾಳದ ಸುತ್ತು, ಮೆತ್ತಗಿತ್ತು.

ಎಡಗಡೆ ಗಂಟೇ ಇಲ್ಲ. ಕತ್ತರಿಸಿದ ತುದಿ ನುಣುಪಾಗಿ ಮುಚ್ಚಿಕೊಂಡಿತ್ತು. ಆದರೆ ಎಪಿಡಿಡಿಮಿಸ್ ತಲೆಯಿಂದ ಬಾಲದವರೆಗೆ ದಪ್ಪಗಾಗಿ ತುಂಬಿಕೊಂಡಿತ್ತು, ಅದರಿಂದ ಹೊರಟ ನಾಳವೂ ಕಟ್ಟಿದ ಜಾಗದವರೆಗೆ ಉಬ್ಬಿತ್ತು. ಬಾಲದ ಹತ್ತಿರ ಬೆರಳು ಇಟ್ಟ ಕೂಡಲೇ, "ಇದ ನೋಡ್ರಿ, ಇದ ನೋವು" ಎಂದರು. ವೃಷಣವನ್ನೇ ಬಿಡಿಯಾಗಿ ಹಿಡಿದಾಗ ನೋವಿರಲಿಲ್ಲ.

ಈ ಪ್ರಕರಣದ ತಿರುಳು ಇಲ್ಲಿದೆ. ಅವರು ಹೆದರಿದ್ದು ಬಲಗಡೆಯ ಗಂಟಿಗೆ. ಗಂಟು ಇರುವ ಕಡೆ ಆರಾಮಿತ್ತು, ಗಂಟು ಇಲ್ಲದ ಕಡೆ ನೋವಿತ್ತು. ಇದು ಕಾಕತಾಳೀಯವಲ್ಲ.

ನಾಳ ಕಟ್ಟಿದ ಮೇಲೆ ಒಳಗೆ ನಡೆಯುವುದು

ವ್ಯಾಸೆಕ್ಟಮಿ ಮುಚ್ಚುವುದು ದಾರಿಯನ್ನು, ತಯಾರಿಕೆಯನ್ನಲ್ಲ. ವೃಷಣದ ತುಂಬ ಸೂಕ್ಷ್ಮ ಸುರುಳಿ ನಾಳಗಳಿವೆ. ಅವುಗಳ ಗೋಡೆಯಲ್ಲಿ ಸರ್ಟೋಲಿ ಕೋಶಗಳು ನಿಂತು ವೀರ್ಯಾಣುಗಳನ್ನು ಬೆಳೆಸುತ್ತವೆ. ಒಂದು ವೀರ್ಯಾಣು ತಯಾರಾಗಲು ಎರಡು ತಿಂಗಳಿಗಿಂತ ಹೆಚ್ಚು ಕಾಲ ಬೇಕು, ದಿನಕ್ಕೆ ತಯಾರಾಗುವುದು ಕೋಟಿಗಟ್ಟಲೆ. ಅಲ್ಲಿಂದ ಹೊರಟವು ಸುಮಾರು ಆರು ಮೀಟರ್ ಉದ್ದದ, ಸುತ್ತಿ ಸುತ್ತಿ ಇಟ್ಟ ಎಪಿಡಿಡಿಮಿಸ್ ನಾಳವನ್ನು ದಾಟಿ ವೀರ್ಯನಾಳಕ್ಕೆ ಬರುತ್ತವೆ. ನಾಳ ಕಟ್ಟಿದ ಮಾರನೇ ದಿನವೂ, ಏಳು ವರ್ಷದ ಮೇಲೂ, ಈ ಕೆಲಸ ನಿಲ್ಲುವುದಿಲ್ಲ.

ಹಾಗಾದರೆ ತಯಾರಾದದ್ದು ಎಲ್ಲಿ ಹೋಗುತ್ತದೆ? ಬಹುಪಾಲು ಎಪಿಡಿಡಿಮಿಸ್‌ನಲ್ಲೇ ಸಾಯುತ್ತದೆ, ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕಣದ ಜಾತಿಯ ಕೋಶಗಳು ಅದನ್ನು ನುಂಗಿ ಕರಗಿಸುತ್ತವೆ. ಹೆಚ್ಚಿನ ಗಂಡಸರಲ್ಲಿ ತಯಾರಿಕೆ ಮತ್ತು ಕರಗುವಿಕೆ ಒಂದು ಸಮಕ್ಕೆ ಬಂದು ನಿಲ್ಲುತ್ತವೆ. ಆ ಸಮ ತಪ್ಪಿದಲ್ಲಿ ಒತ್ತಡ ಏರುತ್ತದೆ. ನಮ್ಮ ಘಟಪ್ರಭಾ ಕಾಲುವೆಯ ರೈತರಿಗೆ ಇದನ್ನು ವಿವರಿಸುವುದು ಸುಲಭ: ಕೆಳಗೆ ತೂಬು ಮುಚ್ಚಿ, ಮೇಲಿಂದ ನೀರು ಬಿಡುತ್ತಲೇ ಇದ್ದರೆ, ಒಡ್ಡು ತೆಳ್ಳಗಿರುವ ಕಡೆ ನೀರು ದಾರಿ ಮಾಡಿಕೊಳ್ಳುತ್ತದೆ. ಒಡ್ಡು ಎಲ್ಲಿಯೂ ಬಿಡದಿದ್ದರೆ ಕಾಲುವೆಯೇ ತುಂಬಿ ನಿಲ್ಲುತ್ತದೆ.

ಬಲಗಡೆ ಆಗಿದ್ದು ಮೊದಲನೆಯದು. ಕಟ್ಟಿದ ತುದಿಯಿಂದ ವೀರ್ಯಾಣುಗಳು ಸ್ವಲ್ಪ ಸ್ವಲ್ಪವೇ ಸೋರಿವೆ. ಸೋರಿದ್ದನ್ನು ದೇಹ ಹೊರಗಿನ ವಸ್ತು ಎಂದು ಬಗೆದು ಸುತ್ತುಗಟ್ಟಿದೆ. ಇದಕ್ಕೆ ಸ್ಪರ್ಮ್ ಗ್ರ್ಯಾನ್ಯುಲೋಮಾ ಎನ್ನುತ್ತಾರೆ. ವ್ಯಾಸೆಕ್ಟಮಿ ಆದವರಲ್ಲಿ ಇದು ಅಪರೂಪವೇನಲ್ಲ, ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗುವುದೂ ಇಲ್ಲ. ಕೆಲವರಿಗೆ ಗಂಟೇ ನೋವು ಕೊಡುತ್ತದೆ, ನಿಜ. ಆದರೆ ಬಹಳ ಜನರಲ್ಲಿ ಅದು ಒತ್ತಡ ಇಳಿಸುವ ಬಾಗಿಲಾಗಿ ಕೆಲಸ ಮಾಡುತ್ತದೆ. ಕತ್ತರಿಸಿದ ನಾಳದ ಮರುಜೋಡಣೆ ಮಾಡುವ ಶಸ್ತ್ರಚಿಕಿತ್ಸಕರು 1970ರ ದಶಕದಿಂದಲೂ ಗಮನಿಸಿದ ಸಂಗತಿ ಇದು: ಗಂಟು ಇದ್ದ ಕಡೆಯ ನಾಳದಲ್ಲಿ ಸಿಗುವ ವೀರ್ಯಾಣುಗಳ ಸ್ಥಿತಿ ಚೆನ್ನಾಗಿರುತ್ತದೆ.

ಎಡಗಡೆ ಆಗಿದ್ದು ಎರಡನೆಯದು. ತುದಿ ಚೊಕ್ಕವಾಗಿ ಮುಚ್ಚಿದ್ದರಿಂದ ಸೋರಿಕೆ ಇಲ್ಲ, ಒತ್ತಡವೆಲ್ಲ ಎಪಿಡಿಡಿಮಿಸ್ ಮೇಲೆ. ಅದು ಹಿಗ್ಗಿತು, ಅದರ ಸುತ್ತಲಿನ ಪೊರೆ ಎಳೆದುಕೊಂಡಿತು, ಅಲ್ಲಿನ ನರಗಳು ಕೆರಳಿದವು. ಕೆಲವೊಮ್ಮೆ ಎಪಿಡಿಡಿಮಿಸ್ ನಾಳ ಒಳಗೇ ಒಡೆಯುತ್ತದೆ. ಆಗ ಆ ಜಾಗದಲ್ಲಿ ಕಲೆಗಟ್ಟಿ ಎರಡನೇ ತಡೆ ಹುಟ್ಟುತ್ತದೆ, ಮುಂದೆ ಮರುಜೋಡಣೆ ಕಷ್ಟವಾಗುವುದಕ್ಕೆ ಅದು ದೊಡ್ಡ ಕಾರಣ.

ಇನ್ನು ವೃಷಣದ ಊತಕದ, ಅಂದರೆ ಕೋಶಗಳು ಸೇರಿ ಆದ ಒಳಮೈಯ ಮಾತು. ಅವರು ಕೇಳಿದ್ದು ಇದನ್ನೇ. ಉತ್ತರಕ್ಕೆ ನಾನು ಅವರ ವೃಷಣದಿಂದ ತುಣುಕು ತೆಗೆಯಲಿಲ್ಲ; ಚಿಕಿತ್ಸೆಯನ್ನು ಬದಲಿಸದ ಪರೀಕ್ಷೆಗಾಗಿ ನೋವಿರುವ ಅಂಗಕ್ಕೆ ಸೂಜಿ ಹಾಕುವುದು ಸರಿಯಲ್ಲ. ಆದರೆ ಮನುಷ್ಯರಲ್ಲಿ ಮಾಡಿದ ಒಳ್ಳೆಯ ಅಧ್ಯಯನವೊಂದಿದೆ. 1985ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಜಾರೋ ಮತ್ತು ಸಂಗಡಿಗರು ಪ್ರಕಟಿಸಿದ್ದು. ವ್ಯಾಸೆಕ್ಟಮಿ ಆಗಿದ್ದ 31 ಆರೋಗ್ಯವಂತ ಗಂಡಸರ ಮತ್ತು ಆಗಿಲ್ಲದ 21 ಜನರ ವೃಷಣದ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು ನೋಡಿದರು. ವ್ಯಾಸೆಕ್ಟಮಿ ಆದವರಲ್ಲಿ ಸುರುಳಿ ನಾಳಗಳ ಗೋಡೆ ಎರಡು ಪಟ್ಟು ದಪ್ಪವಾಗಿತ್ತು. ನಾಳದ ಅಡ್ಡಕೊಯ್ತದ ವಿಸ್ತಾರ ಅರ್ಧದಷ್ಟು ಹೆಚ್ಚಿತ್ತು. ಸರ್ಟೋಲಿ ಕೋಶಗಳೂ, ಇನ್ನೇನು ವೀರ್ಯಾಣುವಾಗಲಿರುವ ಸ್ಪರ್ಮಾಟಿಡ್‌ಗಳೂ ಕಡಿಮೆಯಾಗಿದ್ದವು. ಶೇ. 23ರಷ್ಟು ಜನರಲ್ಲಿ ನಾಳಗಳ ನಡುವಿನ ಜಾಗದಲ್ಲಿ ಅಲ್ಲಲ್ಲಿ ನಾರುಗಟ್ಟಿತ್ತು. ಹೀಗೆ ನಾರುಗಟ್ಟಿದವರಲ್ಲಿ, ನಾಳವನ್ನು ಮತ್ತೆ ಸರಿಯಾಗಿ ಜೋಡಿಸಿದರೂ ಮಕ್ಕಳಾಗುವುದು ಕಡಿಮೆ.

ಆದ್ದರಿಂದ "ಏನೂ ಆಗೂದಿಲ್ಲ" ಎಂದು ನಾನು ಹೇಳಲಾರೆ. ಆಗುತ್ತದೆ. ವೀರ್ಯಾಣು ತಯಾರಿಸುವ ಊತಕದಲ್ಲಿ ಬದಲಾವಣೆ ಆಗುತ್ತದೆ, ವರ್ಷ ಕಳೆದಂತೆ ಮರುಜೋಡಣೆಯ ಫಲ ಇಳಿಯುತ್ತದೆ. ಆದರೆ ಅದು ಬತ್ತುವುದಲ್ಲ, ಕೊಳೆಯುವುದಲ್ಲ, ಮತ್ತೆ ಮಕ್ಕಳು ಬೇಡ ಎಂದು ತೀರ್ಮಾನಿಸಿದವನ ದಿನನಿತ್ಯದ ಬದುಕಿಗೆ ಅದರಿಂದ ಯಾವ ಕೊರತೆಯೂ ಇಲ್ಲ. ಈ ಎರಡೂ ಮಾತನ್ನು ಒಟ್ಟಿಗೆ ಹೇಳಲು ಎರಡು ನಿಮಿಷ ಸಾಕು. ಶಿಬಿರದ ಗದ್ದಲದಲ್ಲಿ ಆ ಎರಡು ನಿಮಿಷ ಯಾರಿಗೂ ಸಿಗುವುದಿಲ್ಲ ಎಂಬುದು ನನ್ನ ಸಂಕಟ.

ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ಓದಿ ಹೆದರುವವರೂ ಇದ್ದಾರೆ. ಗಿನಿಪಿಗ್‌ಗಳಲ್ಲಿ ವ್ಯಾಸೆಕ್ಟಮಿಯ ನಂತರ ದೇಹದ ರೋಗನಿರೋಧಕ ಶಕ್ತಿಯೇ ವೃಷಣದ ಮೇಲೆ ಬಿದ್ದು ಉರಿಯೂತ ಮಾಡಿದ್ದು ಕಂಡಿದೆ. ಮನುಷ್ಯರಲ್ಲೂ ಅರ್ಧಕ್ಕಿಂತ ಹೆಚ್ಚು ಜನರ ರಕ್ತದಲ್ಲಿ ವೀರ್ಯಾಣುವಿನ ವಿರುದ್ಧ ಪ್ರತಿಕಾಯಗಳು ಹುಟ್ಟುತ್ತವೆ, ಏಕೆಂದರೆ ರಕ್ತದಿಂದ ಬೇರೆಯಾಗಿ ಬಚ್ಚಿಟ್ಟ ಕೋಶಗಳು ಈಗ ಊತಕಕ್ಕೆ ಸೋರುತ್ತವೆ. ಆದರೆ ಮನುಷ್ಯರಲ್ಲಿ ಆ ಪ್ರತಿಕಾಯಗಳಿಂದ ಬೇರೆ ಅಂಗಕ್ಕೆ ರೋಗ ಬಂದದ್ದು ಕಂಡಿಲ್ಲ. 1978ರಲ್ಲಿ ಮಂಗಗಳ ಮೇಲಿನ ಒಂದು ಅಧ್ಯಯನ ರಕ್ತನಾಳ ಗಡುಸಾಗುತ್ತದೆ ಎಂದು ದೊಡ್ಡ ಗಾಬರಿ ಹುಟ್ಟಿಸಿತ್ತು. ಮುಂದೆ ಸಾವಿರಾರು ಗಂಡಸರನ್ನು ವರ್ಷಗಟ್ಟಲೆ ಗಮನಿಸಿದಾಗ ಹೃದಯಾಘಾತ ಹೆಚ್ಚಿದ್ದು ಕಾಣಲಿಲ್ಲ. ವೃಷಣ ಕ್ಯಾನ್ಸರ್‌ಗೂ ನಂಟು ಸಿಕ್ಕಿಲ್ಲ.

ಗಂಡಸ್ತನದ ಪ್ರಶ್ನೆ

ಸುರುಳಿ ನಾಳಗಳ ನಡುವಿನ ಜಾಗದಲ್ಲಿ ಲೇಡಿಗ್ ಕೋಶಗಳಿವೆ. ಗಡ್ಡ, ದನಿ, ಸ್ನಾಯು, ಆಸೆ ಇವಕ್ಕೆಲ್ಲ ಬೇಕಾದ ಟೆಸ್ಟೋಸ್ಟೆರೋನ್ ತಯಾರಾಗುವುದು ಅಲ್ಲಿ. ಅದು ವೀರ್ಯನಾಳದಲ್ಲಿ ಹೋಗುವುದೇ ಇಲ್ಲ, ನೇರವಾಗಿ ರಕ್ತಕ್ಕೆ ಸೇರುತ್ತದೆ. ನಾಳ ಕಟ್ಟಿದರೆ ಅದಕ್ಕೆ ತಡೆಯಿಲ್ಲ. ವೀರ್ಯದ ಪ್ರಮಾಣವೂ ಕಣ್ಣಿಗೆ ಕಾಣುವಷ್ಟು ಇಳಿಯುವುದಿಲ್ಲ, ಏಕೆಂದರೆ ವೃಷಣದಿಂದ ಬರುವ ಪಾಲು ನೂರಕ್ಕೆ ಐದರ ಒಳಗೆ. ಉಳಿದದ್ದು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಯದು.

ಇದೇ ಆಪರೇಶನ್ ಬಗ್ಗೆ ಒಂದು ಕಾಲಕ್ಕೆ ಇದಕ್ಕೆ ಪೂರ್ತಿ ಉಲ್ಟಾ ನಂಬಿಕೆ ಇತ್ತು. 1920ರ ದಶಕದಲ್ಲಿ ವಿಯೆನ್ನಾದ ಓಯ್ಗೆನ್ ಸ್ಟೈನಾಖ್ ಎಂಬ ವಿಜ್ಞಾನಿ, ವೀರ್ಯನಾಳ ಕಟ್ಟಿದರೆ ಲೇಡಿಗ್ ಕೋಶಗಳು ಹೆಚ್ಚಿ ಮುದುಕರಿಗೆ ಯೌವನ ಮರಳುತ್ತದೆ ಎಂದು ಸಾರಿದ್ದರು. ಮನೋವಿಜ್ಞಾನಿ ಫ್ರಾಯ್ಡ್ 1923ರಲ್ಲಿ, ಐರಿಶ್ ಕವಿ ಯೇಟ್ಸ್ 1934ರಲ್ಲಿ ಅದನ್ನು ಮಾಡಿಸಿಕೊಂಡರು. ಆ ವಾದ ನಿಲ್ಲಲಿಲ್ಲ. ಯುರೋಪಿನಲ್ಲಿ ಶಕ್ತಿ ಬರುತ್ತದೆಂದು ಮಾಡಿಸಿಕೊಂಡ ಆಪರೇಶನ್ನೇ ನಮ್ಮಲ್ಲಿ ಶಕ್ತಿ ಹೋಗುತ್ತದೆಂದು ಹೆದರುವ ಆಪರೇಶನ್ ಆಗಿದೆ. ಲೇಡಿಗ್ ಕೋಶಗಳು ಎರಡೂ ಹೊತ್ತಿನಲ್ಲಿ ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವು.

ಇವರ ಬೆಳಗಿನ ಟೆಸ್ಟೋಸ್ಟೆರೋನ್ ಮಟ್ಟ 480 ಬಂತು, ಪ್ರಯೋಗಾಲಯದ ಸಹಜ ಮಿತಿಯ ನಡುವೆ. ವೃಷಣಕ್ಕೆ ಕೆಲಸ ಹೇಳುವ ಎಫ್‌ಎಸ್‌ಎಚ್, ಎಲ್‌ಎಚ್ ಎಂಬ ಹಾರ್ಮೋನುಗಳೂ ಸಹಜ. ಮೂತ್ರ ಪರೀಕ್ಷೆಯಲ್ಲಿ ಸೋಂಕಿಲ್ಲ, ಸಕ್ಕರೆ ಕಾಯಿಲೆ ಇಲ್ಲ, ಮೂತ್ರಪಿಂಡದಿಂದ ಇಳಿಯುವ ನಾಳದಲ್ಲಿ ಹರಳಿಲ್ಲ, ಹರ್ನಿಯಾ ಇಲ್ಲ, ವೆರಿಕೋಸಿಲ್, ಅಂದರೆ ವೃಷಣದ ರಕ್ತನಾಳಗಳ ಉಬ್ಬು, ಇಲ್ಲ. ವೀರ್ಯದಲ್ಲಿ ಈಗಲೂ ವೀರ್ಯಾಣು ಇಲ್ಲ.

ರಕ್ತದ ಹರಿವನ್ನೂ ತೋರಿಸುವ ಡಾಪ್ಲರ್ ವಿಧಾನದಲ್ಲಿ ಸ್ಕ್ಯಾನನ್ನು ಮತ್ತೆ ಮಾಡಿಸಿ, ಪರದೆಯನ್ನು ಅವರ ಕಡೆ ತಿರುಗಿಸಿದೆವು. ಎರಡೂ ವೃಷಣಕ್ಕೆ ರಕ್ತ ಚೆನ್ನಾಗಿ ಹರಿಯುತ್ತಿತ್ತು, ಒಳಗೆ ಗಡ್ಡೆಯಿರಲಿಲ್ಲ. ಎಡ ಎಪಿಡಿಡಿಮಿಸ್‌ನ ಹಿಗ್ಗಿದ ನಾಳಗಳಲ್ಲಿ ಸಣ್ಣ ಬಿಳಿ ಚುಕ್ಕೆಗಳು ಅತ್ತಿಂದಿತ್ತ ಓಡಾಡುತ್ತಿದ್ದವು. ವ್ಯಾಸೆಕ್ಟಮಿ ಆದವರಲ್ಲಿ ಇದು ಕಾಣುತ್ತದೆ. ವೀರ್ಯಾಣುಗಳೂ ಅವನ್ನು ನುಂಗುವ ಕೋಶಗಳೂ ಗುಂಪುಗೂಡಿ ಸರಿದಾಡುವುದು. ಅವರು ಬಹಳ ಹೊತ್ತು ನೋಡಿದರು. "ಇವು ಇನ್ನೂ ಹುಟ್ಟಾಕತ್ತಾವೇನ್ರಿ?" ಎಂದು ಕೇಳಿದರು. ಹೌದು ಎಂದೆ. ಬೀಜ ಬತ್ತಿಲ್ಲ ಎಂದು ನಾನು ಬಾಯಲ್ಲಿ ಹೇಳಿದ್ದಕ್ಕಿಂತ ಆ ಪರದೆ ಹೆಚ್ಚು ಹೇಳಿತು.

ರೋಗನಿರ್ಣಯ: ವ್ಯಾಸೆಕ್ಟಮಿ ನಂತರದ ದೀರ್ಘಕಾಲದ ನೋವು, ಎಡ ಎಪಿಡಿಡಿಮಿಸ್ ತುಂಬಿಕೊಂಡಿದ್ದರಿಂದ. ಬಲಗಡೆಯದು ನಿರುಪದ್ರವಿ ಗ್ರ್ಯಾನ್ಯುಲೋಮಾ. ಬದುಕಿಗೆ ಅಡ್ಡಿ ಮಾಡುವಷ್ಟು ನೋವು ವ್ಯಾಸೆಕ್ಟಮಿ ಆದ ನೂರರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ ಎಂದು ಅಮೆರಿಕದ ಯುರಾಲಜಿ ಸಂಘದ ಮಾರ್ಗಸೂಚಿ ಹೇಳುತ್ತದೆ. ನೂರರಲ್ಲಿ ಒಬ್ಬಿಬ್ಬರು ಕಡಿಮೆಯೇ. ಆ ಒಬ್ಬರು ಎದುರು ಕುಳಿತಾಗ ಕಡಿಮೆ ಅನಿಸುವುದಿಲ್ಲ.

ಚಿಕಿತ್ಸೆ, ಮತ್ತು ಹೆಂಡತಿಯ ಹೃದಯ

ಮೊದಲು ವೃಷಣದ ಹುರಿಗೆ, ಅಂದರೆ ನರ ರಕ್ತನಾಳಗಳು ಇಳಿದು ಬರುವ ಜಾಗಕ್ಕೆ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೆವು. ಹತ್ತು ನಿಮಿಷದಲ್ಲಿ ನೋವು ಸೊನ್ನೆಗೆ ಇಳಿಯಿತು, ಸಂಜೆಯವರೆಗೆ ಹಾಗೇ ಇತ್ತು. ಇದು ಚಿಕಿತ್ಸೆಗಿಂತ ಹೆಚ್ಚಾಗಿ ಸಾಕ್ಷಿ: ನೋವು ಅಲ್ಲಿಂದಲೇ ಹುಟ್ಟುತ್ತಿದೆ, ಬೆನ್ನುಮೂಳೆಯಿಂದಲ್ಲ. ನಂತರ ಮೂರು ವಾರ ಊಟದ ಮೇಲೆ ಉರಿಯೂತ ಇಳಿಸುವ ಮಾತ್ರೆ, ಬಿಗಿ ಲಂಗೋಟಿ, ರಾತ್ರಿ ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್. ಕೊನೆಯದರ ಚೀಟಿ ನೋಡಿ ಔಷಧಿ ಅಂಗಡಿಯವರು ಮನಸ್ಸಿನ ಕಾಯಿಲೆಯ ಗುಳಿಗೆ ಎಂದುಬಿಡುತ್ತಾರೆ, ಆಮೇಲೆ ಯಾರೂ ನುಂಗುವುದಿಲ್ಲ. ಕೆರಳಿದ ನರವನ್ನು ಶಾಂತ ಮಾಡಲು ಇದನ್ನು ಕೊಡುತ್ತೇವೆ ಎಂದು ಮೊದಲೇ ಹೇಳಿದೆ. ಮಗ್ಗದ ಕೆಲಸಕ್ಕೂ ಒಂದು ಬದಲಾವಣೆ ಬೇಕಿತ್ತು: ಒಂದೇ ಸವನೆ ನಿಲ್ಲುವುದು ಬೇಡ, ಎತ್ತರದ ಸ್ಟೂಲ್ ಇಟ್ಟುಕೊಂಡು ಕೂತು ನೋಡಿಕೊಳ್ಳಬೇಕು, ರಾತ್ರಿ ಪಾಳಿ ಭಾಮೈದನಿಗೆ ಕೊಡಬೇಕು.

ಇದಕ್ಕೆ ಬಗ್ಗದಿದ್ದರೆ ಮುಂದೇನು ಎಂದು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಮಾತಾಡಿದೆ. ದಾರಿ ಮೂರು. ಎಡ ಎಪಿಡಿಡಿಮಿಸ್ ತೆಗೆಯುವುದು. ನೋವು ಅಲ್ಲಿಗೇ ಸೀಮಿತವಾಗಿದ್ದರೆ ಫಲ ಒಳ್ಳೆಯದು, ಆದರೆ ಆ ಕಡೆ ಮರುಜೋಡಣೆ ಎಂದೆಂದಿಗೂ ಸಾಧ್ಯವಿಲ್ಲ. ಹುರಿಯ ನರಗಳನ್ನು ಸೂಕ್ಷ್ಮದರ್ಶಕದಡಿ ಬಿಡಿಸಿ ಕತ್ತರಿಸುವುದು. ಇದಕ್ಕೆ ದೊಡ್ಡ ಊರಿಗೆ ಹೋಗಬೇಕು. ಮೂರನೆಯದು, ನಾಳವನ್ನು ಮತ್ತೆ ಜೋಡಿಸಿ ಒತ್ತಡ ಇಳಿಸುವುದು.

ಮೂರನೆಯದು ನೋವಿನ ಕಾರಣಕ್ಕೇ ಕೈ ಹಾಕುವ ಚಿಕಿತ್ಸೆ. 1991ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ವ್ಯಾಸೆಕ್ಟಮಿ ಆಗಿ 3ರಿಂದ 8 ವರ್ಷದೊಳಗೆ ಜೋಡಿಸಿದವರಲ್ಲಿ ಶೇ. 88ರಷ್ಟು ಜನರಿಗೆ ವೀರ್ಯಾಣು ಮರಳಿತು, ಶೇ. 53ರಷ್ಟು ದಂಪತಿಗಳಲ್ಲಿ ಹೆಂಡತಿ ಬಸಿರಾದರು. 15 ವರ್ಷ ದಾಟಿದ ಮೇಲೆ ಅವೇ ಅಂಕಿ ಶೇ. 71 ಮತ್ತು 30. ದಾರಿ ತೆರೆದರೂ ಬಸಿರು ನಿಲ್ಲದಿರುವ ಈ ಅಂತರದಲ್ಲಿ ಹೆಂಡತಿಯ ವಯಸ್ಸಿನ ಪಾಲಿದೆ, ಪ್ರತಿಕಾಯಗಳ ಪಾಲಿದೆ, ಮೇಲೆ ಹೇಳಿದ ಊತಕದ ಬದಲಾವಣೆಯ ಪಾಲೂ ಇದೆ.

ಮಕ್ಕಳು ಬೇಕೆಂದು ಬರುವವರಿಗೆ ಶೇ. 53 ಭರವಸೆಯ ಅಂಕಿ. ಈ ಮನೆಗೆ ಅದೇ ಅಪಾಯದ ಅಂಕಿ. ಒಂದೇ ಕಡೆ ಜೋಡಿಸಿದರೂ ಬಸಿರಿನ ಸಾಧ್ಯತೆ ಮರಳುತ್ತದೆ. ಆಕೆಯ ಕವಾಟದ ಸ್ಥಿತಿಯಲ್ಲಿ ಬಸಿರು ಎಂದರೆ ಜೀವಕ್ಕೇ ಕುತ್ತು. ಕಾಪರ್-ಟಿ, ಕಾಂಡೋಮ್ ಬಗ್ಗೆ ಹೇಳಿದೆ, ಹೃದಯ ತಜ್ಞರ ಜೊತೆ ಮಾತಾಡಬಹುದು ಎಂದೂ ಹೇಳಿದೆ. ಗಂಡ ತಲೆ ತಗ್ಗಿಸಿ ಕೂತಿದ್ದರು. ಹೆಂಡತಿ ಹೇಳಿದರು: "ನನ್ನ ಸಲುವಾಗಿ ಅವ್ರು ಮಾಡಿಸಿಕೊಂಡ್ರು. ಈಗ ಅವ್ರ ನೋವಿಗೆ ನಾ ಬ್ಯಾಡ ಅನ್ನಾಕ ಬರೂದಿಲ್ರಿ. ಕಾಪರ್-ಟಿ ಹಾಕಿಸ್ಕೋತೀನಿ." ಅದಕ್ಕೆ ಗಂಡ, "ಅಕಿ ಹೇಳ್ತಾಳ್ರಿ. ನಾ ಒಲ್ಲೆ. ಗುಳಿಗಿ ತಗೋತೀನಿ, ಆಗದಿದ್ರ ಎಡಗಡೆ ಆ ನಾಳ ತೆಗದಬಿಡ್ರಿ" ಎಂದರು. ವೃಷಣವನ್ನೇ ತೆಗೆಸುವ ವಿಚಾರ ಅಲ್ಲಿಗೆ ಮುಗಿಯಿತು. ನೋವಿಲ್ಲದ, ಹಾರ್ಮೋನ್ ಕೊಡುತ್ತಿರುವ ಅಂಗವನ್ನು ಅದರ ಬೆನ್ನಿಗಂಟಿದ ನಾಳದ ನೋವಿಗಾಗಿ ತೆಗೆಯುವುದು ಚಿಕಿತ್ಸೆಯಲ್ಲ. ತೆಗೆದ ಮೇಲೂ ಕೆಲವರಿಗೆ ನೋವು ಉಳಿಯುತ್ತದೆ. ಬೋರಮಾಳ ಮನೆಯಲ್ಲೇ ಉಳಿಯಿತು.

ನಂತರ

ಆರು ವಾರಕ್ಕೆ ನೋವು ಆರರಿಂದ ನಾಲ್ಕಕ್ಕೆ ಇಳಿಯಿತು, ಮೂರು ತಿಂಗಳಿಗೆ ಎರಡಕ್ಕೆ. ಗಮನಿಸಬೇಕಾದದ್ದು, ನೋವಿಗಿಂತ ಮೊದಲು ಆಸೆ ಮರಳಿತ್ತು. ಸ್ಕ್ಯಾನ್ ನೋಡಿದ ಮುಂದಿನ ವಾರಗಳಲ್ಲೇ ಗಂಡ ಹೆಂಡತಿ ಹತ್ತಿರವಾಗಿದ್ದರು, ಆಗ ನೋವು ಇನ್ನೂ ಇತ್ತು. ಟೆಸ್ಟೋಸ್ಟೆರೋನ್ ಮತ್ತೆ ನೋಡಿದಾಗ ಮೊದಲಿನಷ್ಟೇ ಇತ್ತು. ಅಂದರೆ ಅಷ್ಟು ದಿನ ಕುಗ್ಗಿಸಿದ್ದು ಹಾರ್ಮೋನಿನ ಕೊರತೆಯಲ್ಲ, ಭಯ.

ಒಂಬತ್ತನೇ ತಿಂಗಳಲ್ಲಿ, ದೀಪಾವಳಿಯ ಸೀರೆ ಆರ್ಡರ್‌ಗಾಗಿ ಹಗಲು ರಾತ್ರಿ ಮಗ್ಗ ನಡೆಸಿದಾಗ, ನೋವು ಒಮ್ಮೆ ನಾಲ್ಕಕ್ಕೆ ಏರಿತು. ಎರಡು ವಾರ ಮಾತ್ರೆ ತೆಗೆದುಕೊಂಡು ಕೆಲಸ ಹಂಚಿಕೊಂಡ ಮೇಲೆ ಇಳಿಯಿತು. ಎಡ ಎಪಿಡಿಡಿಮಿಸ್ ಈಗಲೂ ಸ್ವಲ್ಪ ದಪ್ಪ ಇದೆ, ಒತ್ತಿದಾಗಿನ ನೋವು ಮೊದಲಿಗಿಂತ ಕಡಿಮೆ. ಬಲಗಡೆಯ ಗಂಟು ಅಷ್ಟೇ ಇದೆ. ಅದನ್ನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ.

ಈ ನಡುವೆ ಅವರ ಭಾಮೈದ ವ್ಯಾಸೆಕ್ಟಮಿ ವಿಚಾರಿಸಲು ಬಂದಿದ್ದರು, ಇವರೇ ಕಳಿಸಿದ್ದು. ನೋವುಂಡವರೇ ಇನ್ನೊಬ್ಬರನ್ನು ಕಳಿಸುತ್ತಾರೆ ಎಂದು ನಾನು ನಿರೀಕ್ಷಿಸಿರಲಿಲ್ಲ. ಗಂಟು ಬರಬಹುದು, ನೂರರಲ್ಲಿ ಒಬ್ಬಿಬ್ಬರಿಗೆ ನೋವು ಉಳಿಯಬಹುದು, ವರ್ಷ ಕಳೆದಂತೆ ಮರುಜೋಡಣೆ ಕಷ್ಟ, ಹಾರ್ಮೋನಿಗೆ ಏನೂ ಆಗುವುದಿಲ್ಲ, ಮೂರು ತಿಂಗಳ ಮೇಲಿನ ವೀರ್ಯ ಪರೀಕ್ಷೆ ಆಗುವವರೆಗೆ ಬೇರೆ ಸಾಧನ ಬಿಡಬಾರದು ಎಂದು ಎಲ್ಲವನ್ನೂ ಹೇಳಿದೆ. ವೃಷಣದ ಕಡೆಯ ತುದಿಯನ್ನು ಕಟ್ಟದೆ ತೆರೆದೇ ಬಿಟ್ಟು, ಎರಡು ತುದಿಗಳ ನಡುವೆ ಪೊರೆಯನ್ನು ಎಳೆದು ಮುಚ್ಚುವ ವಿಧಾನವೂ ಇದೆ, ಅದರಲ್ಲಿ ಎಪಿಡಿಡಿಮಿಸ್ ಮೇಲೆ ಒತ್ತಡ ಕಡಿಮೆ ಎಂದೂ ಹೇಳಿದೆ. ಅವರು ಇನ್ನೂ ತೀರ್ಮಾನ ಮಾಡಿಲ್ಲ. ಮಾಡಲು ಅವಸರವೂ ಇಲ್ಲ.

ರೋಗಿಯ ಫೈಲಿನಲ್ಲಿ ಮುಂದಿನ ಯೋಜನೆ ಹೀಗಿದೆ. ಆರು ತಿಂಗಳಿಗೊಮ್ಮೆ ಭೇಟಿ, ಪ್ರತಿ ಸಲ ಸ್ಕ್ಯಾನ್ ಬೇಡ. ಅಮಿಟ್ರಿಪ್ಟಿಲಿನ್ ನಿಧಾನವಾಗಿ ಇಳಿಸುವುದು. ನೋವು ಮತ್ತೆ ಆರು ದಾಟಿ ಮೂರು ತಿಂಗಳು ನಿಂತರೆ ಎಡ ಎಪಿಡಿಡಿಮಿಸ್ ತೆಗೆಯುವ ಚರ್ಚೆ. ಜ್ವರದ ಜೊತೆ ಊತ ಬಂದರೆ, ಅಥವಾ ನಾಳದ ಮೇಲಲ್ಲದೆ ವೃಷಣದ ಮೈಮೇಲೆಯೇ ಹೊಸದಾಗಿ ಗಟ್ಟಿ ಗಂಟು ಕೈಗೆ ಸಿಕ್ಕರೆ, ದಿನ ನೋಡದೆ ಬರಬೇಕು. ಎರಡರ ವ್ಯತ್ಯಾಸ ಅವರಿಗೆ ಈಗ ಗೊತ್ತಿದೆ. ತಿಂಗಳಿಗೊಮ್ಮೆ ಸ್ನಾನದ ಹೊತ್ತಿನಲ್ಲಿ ತಾವೇ ಕೈಯಿಂದ ನೋಡಿಕೊಳ್ಳುತ್ತಾರೆ.